ಶುಭವೂ ಕೃಪೆಯೂ ಬೆನ್ನು ಹತ್ತುತ್ತವೆ ಎಂದರೆ ಏನರ್ಥ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡ ಬಗೆ ಇದು: ದೇವರ ಒಳ್ಳೆಯತನವೂ ಕರುಣೆಯೂ ಜೀವಮಾನವೆಲ್ಲ ತಮ್ಮನ್ನು ಹಿಂಬಾಲಿಸುತ್ತವೆ ಎಂದು ಕ್ರೈಸ್ತರು ಬೈಬಲಿನ 23ನೆಯ ಕೀರ್ತನೆಯನ್ನು ಆಧರಿಸಿ ಹೇಳಿಕೊಳ್ಳುತ್ತಾರೆ, ಆದರೆ ರೋಗ, ಸಾಲ, ಸಾವು ಅವರಿಗೂ ಎಲ್ಲರಂತೆಯೇ ಬರುತ್ತವೆ, ಹೀಗಿರುವಾಗ ಆ ಮಾತಿಗೆ ನಿತ್ಯಜೀವನದಲ್ಲಿ ಏನು ಬೆಲೆ? ನಾನು ದೇವತಾಶಾಸ್ತ್ರದ ಪಂಡಿತನಲ್ಲ. ನಂಬುವವರ ಮನೆಯಲ್ಲಿ ಬೆಳೆದು, ನಡುವೆ ಕೆಲವು ವರ್ಷ ಆ ನಂಬಿಕೆಯೊಂದಿಗೆ ಜಗಳವಾಡಿ, ಮತ್ತೆ ಅದಕ್ಕೇ ಮರಳಿದವನು. ಆ ಮಿತಿಯಲ್ಲಿ ಉತ್ತರಿಸುತ್ತೇನೆ.

ಆ ಕೀರ್ತನೆಯಲ್ಲಿರುವುದು ಕೇವಲ 6 ವಚನಗಳು. ಕೊನೆಯ ವಚನವನ್ನಷ್ಟೇ ಬಿಡಿಸಿಕೊಂಡು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಅಭ್ಯಾಸದಿಂದಲೇ ಅರ್ಧ ಗೊಂದಲ ಹುಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೂ ಮೊದಲು, 4ನೆಯ ವಚನದಲ್ಲಿ, ಕಾರ್ಗತ್ತಲೆಯ ಕಣಿವೆಯಿದೆ. 5ನೆಯದರಲ್ಲಿ ಊಟ ಬಡಿಸಲಾಗಿದೆ, ಆದರೆ ವೈರಿಗಳು ಎದುರಿಗೇ ನಿಂತಿದ್ದಾರೆ, ಅವರು ಎಲ್ಲಿಗೂ ಹೋಗಿಲ್ಲ. ಅಷ್ಟೆಲ್ಲ ಆದಮೇಲೆ ಬರುವ ಮಾತು ಅದು. ಕಣಿವೆಯೇ ಇರುವುದಿಲ್ಲ ಎಂದು ಆ ಕವಿ ಯಾರಿಗೂ ಭರವಸೆ ಕೊಟ್ಟಿಲ್ಲ.

ಇನ್ನು ‘ಹಿಂಬಾಲಿಸು’ ಎಂಬ ಕ್ರಿಯಾಪದ. ಕನ್ನಡದಲ್ಲಿ ಆ ಪದ ಸೌಮ್ಯವಾಗಿ, ಯಜಮಾನನ ಹಿಂದೆ ಸದ್ದಿಲ್ಲದೆ ಬರುವ ನಾಯಿಯಂತೆ ಕೇಳಿಸುತ್ತದೆ. ಹೀಬ್ರೂ ಮೂಲದಲ್ಲಿರುವ ‘ರಾದಫ್’ ಎಂಬುದು ಬೆನ್ನಟ್ಟುವ, ಅಟ್ಟಿಸಿಕೊಂಡು ಬರುವ ಕ್ರಿಯೆ. ಈಜಿಪ್ಟಿನ ಅರಸ ಫರೋಹನ ಸೈನ್ಯ ಇಸ್ರಾಯೇಲರನ್ನು ಸಮುದ್ರದವರೆಗೆ ಬೆನ್ನಟ್ಟಿದಾಗಲೂ, ಇಸ್ರಾಯೇಲಿನ ಅರಸ ಸೌಲನು ತನ್ನ ಬಳಿಕ ಅರಸನಾಗಲಿದ್ದ ದಾವೀದನನ್ನು ಅಡವಿಯಲ್ಲಿ ಅಟ್ಟಿಸಿಕೊಂಡು ಹೋದಾಗಲೂ ಬಳಕೆಯಾಗಿರುವುದು ಅದೇ ಪದ. ಸಂಪ್ರದಾಯವು ಈ ಕೀರ್ತನೆಯನ್ನು ದಾವೀದನದೆಂದೇ ಹೇಳುತ್ತದೆ. ಒಂದು ಕಾಲದಲ್ಲಿ ಶತ್ರುಗಳೇ ಬೆನ್ನಟ್ಟುತ್ತಿದ್ದ ಮನುಷ್ಯನು ಈಗ ತಿರುಗಿ ನೋಡಿ, ನನ್ನನ್ನು ಹಿಡಿಯಲು ಓಡಿಬರುತ್ತಿರುವುದು ಒಳ್ಳೆಯತನವೂ ಕೃಪೆಯೂ ಎಂದು ಹೇಳುತ್ತಿದ್ದಾನೆ ಎಂದು ಓದಿದರೆ, ಅದು ಸುಖದ ವರ್ಣನೆಯಾಗಿ ಉಳಿಯುವುದಿಲ್ಲ. ಓಡಿಹೋಗುತ್ತಿರುವವನಿಗೆ, ಅಂದರೆ ದೇವರಿಂದಲೇ ತಪ್ಪಿಸಿಕೊಳ್ಳಲು ಹೊರಟವನಿಗೂ, ಅದು ಅನ್ವಯಿಸುತ್ತದೆ.

ಅಲ್ಲಿ ‘ಕೃಪೆ’ ಎಂದು ಅನುವಾದಗೊಂಡಿರುವ ‘ಹೆಸೆದ್’ ಎಂಬ ಪದಕ್ಕೆ ಯಾವ ಭಾಷೆಯಲ್ಲಿಯೂ ಸರಿಸಾಟಿ ಸಿಕ್ಕಿಲ್ಲ. ಕನಿಕರ, ನಿಷ್ಠೆ, ಒಪ್ಪಂದಕ್ಕೆ ಕಟ್ಟುಬಿದ್ದಿರುವುದು, ಇವೆಲ್ಲವೂ ಅದರಲ್ಲಿ ಸೇರಿವೆ. 136ನೆಯ ಕೀರ್ತನೆಯ 26 ವಚನಗಳಲ್ಲಿ ಪ್ರತಿಯೊಂದೂ ಆತನ ಹೆಸೆದ್ ಶಾಶ್ವತವಾದದ್ದು ಎಂಬ ಮಾತಿನಿಂದಲೇ ಮುಗಿಯುತ್ತದೆ. ಆದರೆ ಆ ಪದದ ಹುರುಳು ನನಗೆ ಹೊಳೆದದ್ದು ಬೈಬಲಿನಲ್ಲಿರುವ ರೂತಳೆಂಬ ಹೆಂಗಸಿನ ಕಥೆಯಲ್ಲಿ. ಗಂಡನನ್ನು ಕಳೆದುಕೊಂಡ ಅವಳಿಗೆ ತವರಿಗೆ ಹಿಂದಿರುಗುವ ಹಕ್ಕಿತ್ತು, ಅತ್ತೆಯೇ ಹೋಗೆಂದು ಒತ್ತಾಯಿಸಿದ್ದಳು, ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಅವಳು ಏನೂ ಉಳಿಯದ ಆ ಮುದುಕಿಯನ್ನು ಬಿಡಲಿಲ್ಲ. ಅವಳ ನಡತೆಗೂ ಆ ಗ್ರಂಥ ಇದೇ ಪದವನ್ನು ಬಳಸುತ್ತದೆ. ಬಿಟ್ಟುಹೋಗಲು ಎಲ್ಲ ಕಾರಣಗಳಿದ್ದಾಗಲೂ ಬಿಟ್ಟುಹೋಗದಿರುವುದು: ಹೆಸೆದ್ ಎಂದರೆ ನನ್ನ ಮಟ್ಟಿಗೆ ಇದು.

ಒಳ್ಳೆಯತನ ಮತ್ತು ಕರುಣೆ ಒಂದೇ ಅಲ್ಲವೇ ಎಂದೂ ನೀವು ಕೇಳಿದ್ದೀರಿ. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಆತನು ಸೂರ್ಯನನ್ನು ಮೂಡಿಸುತ್ತಾನೆ ಎಂದು ಯೇಸು ಹೇಳುವಾಗ ಕಾಣುವುದು ಒಳ್ಳೆಯತನ, ಅದು ದೇವರ ಸ್ವಭಾವ. ಅದೇ ಒಳ್ಳೆಯತನ ಒಬ್ಬನ ದುರವಸ್ಥೆಗೋ ಅಪರಾಧಕ್ಕೋ ಎದುರಾದಾಗ ತಾಳುವ ರೂಪ ಕರುಣೆ. ಮೊದಲನೆಯದನ್ನು ಕುರಿತು ಯಾರೂ ತಕರಾರು ಮಾಡುವುದಿಲ್ಲ. ಎರಡನೆಯದು ಮಾತ್ರ ನಮ್ಮನ್ನು ಕೆರಳಿಸುತ್ತದೆ, ಮುಖ್ಯವಾಗಿ ಅದು ನಮಗೆ ಆಗದವರಿಗೆ ಸಿಕ್ಕಾಗ. ನಿನೆವೆ ಪಟ್ಟಣವನ್ನು ಎಚ್ಚರಿಸಲು ದೇವರು ಕಳುಹಿಸಿದಾಗ ಪ್ರವಾದಿ ಯೋನನು ಮೊದಲು ಬೇರೆ ಕಡೆಗೆ ಓಡಿಹೋಗಿದ್ದನು. ಕೊನೆಗೆ ಆ ಪಟ್ಟಣ ಪಶ್ಚಾತ್ತಾಪಪಟ್ಟು ಉಳಿದುಕೊಂಡಾಗ ಅವನು ಸಂತೋಷಪಡಲಿಲ್ಲ, ಸಿಟ್ಟಾದನು. ನೀನು ಕನಿಕರವುಳ್ಳವನೆಂದು ಗೊತ್ತಿದ್ದರಿಂದಲೇ ನಾನು ಮೊದಲು ಓಡಿಹೋದದ್ದು ಎಂದು ದೇವರನ್ನೇ ದೂರಿದನು. ಬೈಬಲಿನಲ್ಲಿ ನನಗೆ ಅತ್ಯಂತ ಹತ್ತಿರದ ಮನುಷ್ಯ ಇವನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ.

ನಿತ್ಯಜೀವನದ ಮಾತಿಗೆ ಬಂದರೆ, ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ದೃಷ್ಟಾಂತಕಥೆಯಿಂದ ನನಗೆ ತಪ್ಪಿಸಿಕೊಳ್ಳಲಾಗಿಲ್ಲ. ಅರಸನಿಗೆ 10,000 ತಲಾಂತು ಸಾಲ ತೀರಿಸಬೇಕಾಗಿದ್ದ ಸೇವಕನಿಗೆ ಇಡೀ ಸಾಲ ಮನ್ನಾ ಆಗುತ್ತದೆ. ಹೊರಬಂದ ಕೂಡಲೇ ಅವನು ತನಗೆ 100 ದೆನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ಒಂದು ದೆನಾರಿ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತು ಸುಮಾರು 6,000 ದೆನಾರಿ. ಲೆಕ್ಕ ಹಾಕಿದರೆ ಮೊದಲನೆಯ ಸಾಲ 6 ಕೋಟಿ ದಿನಗಳ ದುಡಿಮೆ, ಅಂದರೆ ಒಂದೂವರೆ ಲಕ್ಷ ವರ್ಷಕ್ಕೂ ಹೆಚ್ಚು. ಎರಡನೆಯದು ಮೂರು ತಿಂಗಳ ಮೇಲೆ ಕೆಲವು ದಿನ. ಕೇಳುಗರು ನಕ್ಕಿರಬೇಕು. ಆದರೆ 100 ದೆನಾರಿ ಸುಳ್ಳು ಸಾಲವಲ್ಲ ಎಂಬುದನ್ನು ಗಮನಿಸಿ. ಅದು ನಿಜವಾದ ಸಾಲ, ಮೂರು ತಿಂಗಳ ಕೂಲಿ ಯಾರಿಗೂ ಚಿಲ್ಲರೆಯಲ್ಲ. ನನ್ನ ಬಳಿ ಸಾಲ ಪಡೆದು ಹಿಂದಿರುಗಿಸದ ಒಬ್ಬರನ್ನು ಕಂಡಾಗಲೆಲ್ಲ ನನ್ನ ಮನಸ್ಸು ಆ ಮೊತ್ತವನ್ನು ಬಡ್ಡಿಸಮೇತ ಎಣಿಸುತ್ತಿತ್ತು. ಅವರಿಗೆ ಬಾಯಿಬಿಟ್ಟು, ಇನ್ನು ಕೊಡಬೇಕಾಗಿಲ್ಲ, ಎಂದು ಹೇಳಲು ನನಗೆ ಐದು ವರ್ಷ ಹಿಡಿಯಿತು, ಹೇಳಿದ ಮೇಲೆಯೂ ಒಂದೆರಡು ಬಾರಿ ಎಣಿಸಿದ್ದೇನೆ.

ಕಷ್ಟವೇಕೆ ಬರುತ್ತದೆ ಎಂಬ ಭಾಗಕ್ಕೆ ನನ್ನ ತಾಯಿಯ ವಿಷಯವನ್ನು ಹೇಳದೆ ಉತ್ತರಿಸಲಾರೆ. ತಮ್ಮ ಕೊನೆಯ ನಾಲ್ಕು ವರ್ಷಗಳನ್ನು ಅವರು ನೆನಪು ಅಳಿಸುವ ಕಾಯಿಲೆಯಲ್ಲಿ ಕಳೆದರು. ಒಂದೇ ಪ್ರಶ್ನೆಯನ್ನು ಒಂದೇ ಮಧ್ಯಾಹ್ನ ಹತ್ತಾರು ಬಾರಿ ಕೇಳುತ್ತಿದ್ದರು. ಮೊದಲ ಕೆಲವು ಬಾರಿ ತಾಳ್ಮೆಯಿಂದ ಹೇಳಿ, ಆಮೇಲೆ ನಾನು ಗದರುತ್ತಿದ್ದೆ. ಮರುದಿನ ಬೆಳಿಗ್ಗೆ ಅವರು ನನ್ನನ್ನು ನೋಡಿ ನಗುತ್ತಿದ್ದರು, ಏಕೆಂದರೆ ಹಿಂದಿನ ದಿನದ ಗದರಿಕೆ ಅವರಲ್ಲಿ ಉಳಿದಿರುತ್ತಿರಲಿಲ್ಲ. ಆ ನಗುವನ್ನು ಕ್ಷಮೆಯೆಂದು ತೆಗೆದುಕೊಳ್ಳಲು ನನಗೆ ಆಗಲಿಲ್ಲ, ಮರೆತವರು ಕ್ಷಮಿಸಿದಂತಾಗುವುದಿಲ್ಲ. ನನ್ನ ಪ್ರತಿಯೊಂದು ಗದರಿಕೆಯನ್ನೂ ನೆನಪಿಟ್ಟುಕೊಂಡು, ಆಮೇಲೂ ನನ್ನನ್ನು ನೋಡಿ ನಗಬಲ್ಲ ಒಬ್ಬರು ನನಗೆ ಬೇಕಾಗಿದ್ದರು.

ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದಾಗುತ್ತದೆ ಎಂಬ, ಬೈಬಲಿನ ಪ್ರಲಾಪಗಳ ಗ್ರಂಥದ ಮಾತನ್ನು ಬಾಲ್ಯದಿಂದಲೂ ಕೇಳಿದ್ದೆ. ಅದನ್ನು ನಿಜವಾಗಿ ಕೇಳಿಸಿಕೊಂಡದ್ದು ಆ ದಿನಗಳಲ್ಲಿ. ಅದು ನೆಮ್ಮದಿಯ ಮುಂಜಾನೆಯಲ್ಲಿ ಬರೆದದ್ದಲ್ಲ. ಸುಮಾರು ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಕೆಡವಿ ದೇವಾಲಯವನ್ನು ಸುಟ್ಟ ಬಳಿಕ, ಹಸಿವಿನಿಂದ ಮಕ್ಕಳು ಬೀದಿಯಲ್ಲಿ ಕುಸಿದುಬಿದ್ದದ್ದನ್ನು ಕಂಡವರ ಗೋಳು ಅದು. ಅಲ್ಲಿ ‘ಕರುಣೆ’ಗೆ ಬಂದಿರುವ ‘ರಹಮೀಮ್’ ಎಂಬ ಪದವು ಗರ್ಭ ಎಂಬರ್ಥದ ಪದಕ್ಕೆ ನಂಟುಳ್ಳದ್ದು.

ಆ ಭರವಸೆಯ ಮಾತು ಐದು ಅಧ್ಯಾಯಗಳ ಆ ಗ್ರಂಥದ ಕೊನೆಯಲ್ಲಿಲ್ಲ, ನಡುವೆ, ಮೂರನೆಯದರಲ್ಲಿದೆ. ಅದಾದ ಮೇಲೂ ಗೋಳು ಮುಂದುವರಿಯುತ್ತದೆ, ಮತ್ತು ಗ್ರಂಥ ಮುಗಿಯುವುದೇ ನೀನು ನಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟೆಯೋ ಎಂಬ ಧಾಟಿಯ ಅನುಮಾನದಿಂದ. ಯೆಹೂದ್ಯರು ಅದನ್ನು ಸಭಾಮಂದಿರದಲ್ಲಿ ಓದುವಾಗ ಕೇಳುಗರನ್ನು ಆ ಅನುಮಾನದಲ್ಲಿಯೇ ಬಿಡಬಾರದೆಂದು, ನಮ್ಮನ್ನು ನಿನ್ನ ಕಡೆಗೆ ತಿರುಗಿಸು ಎಂಬ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದುತ್ತಾರೆ. ತಾಯಿ ತೀರಿಕೊಂಡ ವರ್ಷ ನಾನು ಹಾಗೆ ಹಿಂದಕ್ಕೆ ಹೋಗದೆ, ಆ ಕೊನೆಯ ಸಾಲಿಗೇ ಪುಸ್ತಕ ಮುಚ್ಚುತ್ತಿದ್ದೆ. ಈಗೀಗ ಒಂದು ವಚನ ಹಿಂದಕ್ಕೆ ಹೋಗುತ್ತೇನೆ.