ಕ್ಷಯರೋಗ ನಿಯಂತ್ರಣಕ್ಕೆ ರಾಷ್ಟ್ರೀಯ ಸಹಭಾಗಿತ್ವ: ಯಾರಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕ್ಷಯರೋಗಕ್ಕಾಗಿ ದುಡಿಯುವ ಸಂಸ್ಥೆಗಳೆಲ್ಲ ಸೇರಿ ದೇಶಮಟ್ಟದ ಸಹಭಾಗಿತ್ವವೊಂದನ್ನು ಕಟ್ಟಲು ಹೊರಟಿದ್ದೀರಿ. ಸರ್ಕಾರದ ಕಾರ್ಯಕ್ರಮ ಆಗಲೇ ಇರುವಾಗ ಇನ್ನೊಂದು ಕೂಟ ಬೇಕೇ, ಬೇಕೆಂದರೆ ಮೊದಲು ಯಾರನ್ನು ಕರೆಯಬೇಕು ಎಂಬುದು ನಿಮ್ಮ ಪ್ರಶ್ನೆ.

ಖಂಡಿತ ಬೇಕು. ಯಾರನ್ನು ಕರೆಯಬೇಕೆಂದು ತಿಳಿಯಲು ರೋಗಿಗಳನ್ನು ಕೇಳಬೇಕು. ನಾನು ಹನ್ನೆರಡು ವರ್ಷ ಇಂಥದೇ ಒಂದು ಕೂಟದ ಕಾರ್ಯದರ್ಶಿ ಕಚೇರಿಯಲ್ಲಿ ದುಡಿದಿದ್ದೇನೆ. ಅದಕ್ಕೂ ಮೊದಲು ನಾನೇ ಆರು ತಿಂಗಳು ಟಿಬಿ ಮಾತ್ರೆ ನುಂಗಿದವನು. ಎರಡೂ ಕಡೆ ನಿಂತು ಕಂಡದ್ದನ್ನು ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 8 ಲಕ್ಷ ಜನ ಕ್ಷಯಕ್ಕೆ ತುತ್ತಾದರು. ಹೊಸದಾಗಿ ಪತ್ತೆಯಾಗಿ ಲೆಕ್ಕಕ್ಕೆ ಸಿಕ್ಕವರು 82 ಲಕ್ಷ. ಸತ್ತವರು ಸುಮಾರು 12.5 ಲಕ್ಷ. ತುತ್ತಾದವರಿಗೂ ಲೆಕ್ಕಕ್ಕೆ ಸಿಕ್ಕವರಿಗೂ ನಡುವೆ ಉಳಿದ 25 ಲಕ್ಷಕ್ಕೂ ಹೆಚ್ಚು ಮಂದಿ ಎಲ್ಲಿ ಹೋದರು? ಕೆಲವರಿಗೆ ಪರೀಕ್ಷೆಯೇ ಆಗಿಲ್ಲ. ಇನ್ನು ಕೆಲವರು ಯಾವುದೋ ಖಾಸಗಿ ವೈದ್ಯರ ಬಳಿ ಔಷಧ ತೆಗೆದುಕೊಳ್ಳುತ್ತಿದ್ದಾರೆ, ಅವರ ಹೆಸರು ಯಾವ ದಾಖಲೆಗೂ ಬಂದಿಲ್ಲ. ಅವರು ಪೂರ್ತಿ ಗುಣವಾದರೋ, ಎರಡು ತಿಂಗಳಿಗೆ ಮಾತ್ರೆ ಬಿಟ್ಟರೋ ಹೇಳುವವರಿಲ್ಲ. ಸರ್ಕಾರದ ಕಾರ್ಯಕ್ರಮ ಎಷ್ಟೇ ಚೆನ್ನಾಗಿರಲಿ, ತನ್ನ ಬಾಗಿಲಿಗೆ ಬಂದವರನ್ನಷ್ಟೇ ನೋಡಿಕೊಳ್ಳಬಲ್ಲದು. ಉಳಿದ ಬಾಗಿಲುಗಳು ಬೇರೆಯವರ ಕೈಯಲ್ಲಿವೆ. ಸಹಭಾಗಿತ್ವ ಬೇಕಾಗುವುದು ಈ ಒಂದು ಕಾರಣಕ್ಕೆ.

ಇದು ಹೊಸ ವಿಷಯವೂ ಅಲ್ಲ. 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆದ ಒಂದು ಸಮಾಜಶಾಸ್ತ್ರೀಯ ಅಧ್ಯಯನವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಶ್ವಾಸಕೋಶದ ಕ್ಷಯ ಇದ್ದವರನ್ನು ಹುಡುಕಿ ಮಾತಾಡಿಸಿದಾಗ, ಹೆಚ್ಚಿನವರಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿಯೂ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಜನರಿಗೆ ತಿಳಿವಳಿಕೆ ಇಲ್ಲ, ಅವರು ಬರುವುದಿಲ್ಲ ಎಂದು ದೂರುವವರು ನಿಮ್ಮ ಸಭೆಯಲ್ಲೂ ಇರುತ್ತಾರೆ. ಅವರಿಗೆ ಇದನ್ನು ಹೇಳಿ. ಅರವತ್ತು ವರ್ಷದ ಹಿಂದೆಯೇ ಜನ ಬಂದಿದ್ದರು, ಬಂದವರನ್ನು ಗುರುತಿಸುವವರು ಇರಲಿಲ್ಲ.

ನಾನೂ ಹಾಗೆ ಅಲೆದವನೇ. ಎರಡೂವರೆ ತಿಂಗಳಲ್ಲಿ ಮೂವರು ವೈದ್ಯರನ್ನು ಕಂಡೆ. ಕಫ ಪರೀಕ್ಷೆ ಮಾಡಿಸಿ ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಅಷ್ಟರಲ್ಲಿ ಮನೆಯ ಇನ್ನೊಬ್ಬರಿಗೆ ಅಂಟಿತ್ತು. ಆ ಸಂಕಟ ನನ್ನಿಂದ ಇನ್ನೂ ಹೋಗಿಲ್ಲ, ಅದಕ್ಕೇ ಈ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ.

ನಮ್ಮ ಕೂಟದ ಮೊದಲ ಸಭೆಯಲ್ಲಿ ತಪ್ಪು ಮಾಡಿದೆವು. ಟಿಬಿ ಎಂಬ ಪದ ಹೆಸರಿನಲ್ಲೋ ವರದಿಯಲ್ಲೋ ಇದ್ದ ಸಂಸ್ಥೆಗಳನ್ನೆಲ್ಲ ಕರೆದೆವು. ಎಲ್ಲರೂ ತಮ್ಮ ಕೆಲಸದ ಚಿತ್ರ ತೋರಿಸಿದರು, ಊಟ ಮಾಡಿದರು, ಒಂದು ನಿರ್ಣಯಕ್ಕೆ ಸಹಿ ಹಾಕಿ ಹೋದರು. ಮುಂದಿನ ಆರು ತಿಂಗಳು ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಎರಡನೇ ಸಭೆಗೆ ಮುಂಚೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಚಿಕಿತ್ಸೆ ಮುಗಿಸಿದ ಕೆಲವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳೋಣ ಎಂದರು: ಕೆಮ್ಮು ಶುರುವಾದ ದಿನದಿಂದ ಮೊದಲ ಮಾತ್ರೆ ನುಂಗಿದ ದಿನದವರೆಗೆ ಎಲ್ಲೆಲ್ಲಿ ಹೋದಿರಿ? ಅವರು ಹೇಳಿದ ಜಾಗಗಳ ಪಟ್ಟಿಯೇ ನಮ್ಮ ಆಹ್ವಾನಿತರ ಪಟ್ಟಿ ಆಯಿತು. ಔಷಧ ಅಂಗಡಿಗಳ ಸಂಘ, ಎಕ್ಸ್‌ರೇ ಕೇಂದ್ರಗಳು, ಕುಟುಂಬ ವೈದ್ಯರ ಸಂಘ, ಒಂದು ಕಾರ್ಮಿಕ ಒಕ್ಕೂಟ. ಇವರಲ್ಲಿ ಯಾರೂ ಮೊದಲ ಸಭೆಯಲ್ಲಿ ಇರಲಿಲ್ಲ.

ಎರಡನೇ ಸಭೆಯಲ್ಲಿ ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ಗೋಡೆಗೆ ಅಂಟಿಸಿದ ಉದ್ದನೆಯ ಹಾಳೆಯ ಮೇಲೆ ತನ್ನ ದಾರಿಯನ್ನು ಬರೆದಳು. ಮೊದಲು ಒಂದು ಚೌಕ, ಅದರೊಳಗೆ 'ಔಷಧ ಅಂಗಡಿ, 21 ದಿನ'. ಅಲ್ಲಿಂದ ಬಾಣದ ಗುರುತು, ಇನ್ನೊಂದು ಚೌಕ, 'ಡಾಕ್ಟರು, ಎರಡು ಸಲ, ಇಂಜೆಕ್ಷನ್'. ಹೀಗೆ ಐದು ಚೌಕ. ಪ್ರತಿ ಚೌಕದ ಕೆಳಗೆ ಅಲ್ಲಿ ಖರ್ಚಾದ ಹಣ, ಕಳೆದುಕೊಂಡ ದಿನಗೂಲಿ. ಕೊನೆಯ ಚೌಕದಲ್ಲಿ ಪರೀಕ್ಷೆ ಪುಕ್ಕಟೆ, ಔಷಧ ಪುಕ್ಕಟೆ. ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವಳ ಹೊಲಿಗೆ ಯಂತ್ರ ಮಾರಾಟವಾಗಿತ್ತು. ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಔಷಧ ಅಂಗಡಿಯವರ ಪ್ರತಿನಿಧಿ ಎದ್ದು ನಿಂತು, "ಎರಡನೇ ಸಲ ಕೆಮ್ಮಿನ ಔಷಧ ಕೇಳಿ ಬಂದವರಿಗೆ ನಾವೇ ಒಂದು ಚೀಟಿ ಕೊಟ್ಟು ಕಫ ಪರೀಕ್ಷೆಗೆ ಕಳಿಸಬಹುದಲ್ಲ?" ಎಂದರು. ನಾವು ಕೇಳಿರಲಿಲ್ಲ, ಅವರೇ ಹೇಳಿದರು. ನಮ್ಮ ಸಹಭಾಗಿತ್ವ ಹುಟ್ಟಿದ್ದು ಆ ಕ್ಷಣದಲ್ಲಿ ಎಂದೇ ನಾನು ಭಾವಿಸುತ್ತೇನೆ. ಎರಡು ವಾರ ದಾಟಿದ ಕೆಮ್ಮಿಗೆ ಪರೀಕ್ಷೆ ಆಗಬೇಕು ಎಂಬ ನಿಯಮ ಪುಸ್ತಕದಲ್ಲಿ ಎಷ್ಟೋ ಕಾಲದಿಂದ ಇತ್ತು, ಅದು ಅಂಗಡಿಯ ಕಟ್ಟೆಗೆ ಇಳಿದಿರಲಿಲ್ಲ.

ಖಾಸಗಿ ವೈದ್ಯರ ವಿಷಯ ಸ್ವಲ್ಪ ಸೂಕ್ಷ್ಮ. ಅವರು ಸಹಕರಿಸುವುದಿಲ್ಲ ಎಂದು ಬೈಯುವ ಬದಲು ಅವರ ಅಂಜಿಕೆ ಏನೆಂದು ಕೇಳಿ. ನನಗೆ ಸಿಕ್ಕ ಉತ್ತರ ಬಹುತೇಕ ಒಂದೇ: ಹೆಸರು ದಾಖಲಿಸಿದರೆ ಸರ್ಕಾರದವರು ನಮ್ಮ ರೋಗಿಯನ್ನು ಕರೆದುಕೊಂಡು ಹೋಗುತ್ತಾರೆ, ಅವರ ಮನೆಯ ಮುಂದೆ ಜೀಪು ನಿಲ್ಲಿಸಿ ಬೀದಿಗೆಲ್ಲ ಗೊತ್ತು ಮಾಡುತ್ತಾರೆ. ಇದು ಸುಳ್ಳು ಭಯ ಅಲ್ಲ. ಆದ್ದರಿಂದ ಒಡಂಬಡಿಕೆಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಪರೀಕ್ಷೆ ಮತ್ತು ಔಷಧ ಕಾರ್ಯಕ್ರಮದ್ದು, ರೋಗಿ ತಾನು ನಂಬಿದ ವೈದ್ಯರ ಬಳಿಯೇ ಉಳಿಯಬಹುದು, ಮನೆಗೆ ಭೇಟಿ ರೋಗಿಯ ಒಪ್ಪಿಗೆಯಿಂದ ಮಾತ್ರ. ವರದಿ ಕಳಿಸುವ ಕೆಲಸವನ್ನು ಎರಡು ನಿಮಿಷಕ್ಕೆ ಇಳಿಸಿ. ಎಂಟು ಪುಟದ ನಮೂನೆ ಕೊಟ್ಟರೆ ಯಾವ ವೈದ್ಯರೂ ತುಂಬುವುದಿಲ್ಲ, ತುಂಬದಿದ್ದರೆ ಅವರದು ತಪ್ಪಲ್ಲ.

ಈಗ ಸರ್ಕಾರದ ಕಾರ್ಯಕ್ರಮದವರ ಬಗ್ಗೆ. ಅವರಿಗೂ ಒಂದು ಅಂಜಿಕೆ ಇರುತ್ತದೆ, ತಮ್ಮ ತಲೆಯ ಮೇಲೆ ಇನ್ನೊಂದು ಯಜಮಾನಿಕೆ ಬಂದು ಕೂರುತ್ತದೆ ಎಂದು. ಚಿಕಿತ್ಸೆಯ ನಿಯಮ, ಔಷಧದ ಪೂರೈಕೆ, ರೋಗಿಗಳ ದಾಖಲೆ, ಇವು ಕಾರ್ಯಕ್ರಮದವೇ ಆಗಿರಬೇಕು. ನಿಮ್ಮ ಕೂಟ ತನ್ನದೇ ಬೇರೆ ಔಷಧ ಸರಣಿ, ಬೇರೆ ರಿಜಿಸ್ಟರು ಶುರು ಮಾಡಿತೆಂದರೆ ಅಲ್ಲಿಗೆ ಕೆಟ್ಟಿತು. ದೇಶದ ಕ್ಷಯ ಯೋಜನೆ ಒಂದೇ ಇರಲಿ. ಅದರಲ್ಲಿ ಯಾವ ಸಾಲಿನ ಕೆಲಸವನ್ನು ಯಾವ ಪಾಲುದಾರ, ಯಾರ ಹಣದಲ್ಲಿ, ಯಾವ ತಿಂಗಳೊಳಗೆ ಮಾಡುತ್ತಾನೆ ಎಂದು ಬರೆದಿಡಿ. ಈ ಒಂದು ಹಾಳೆ ಇಲ್ಲದ ಸಹಭಾಗಿತ್ವವನ್ನು ನಾನು ಸಹಭಾಗಿತ್ವ ಎಂದು ಕರೆಯಲಾರೆ. ಕಾರ್ಯದರ್ಶಿ ಕಚೇರಿಗೆ ಮೂರು ಜನ ಸಾಕು. ಅದು ದೊಡ್ಡದಾದಷ್ಟೂ ಪಾಲುದಾರರ ಹಣಕ್ಕೇ ಕೈ ಹಾಕುತ್ತದೆ.

ಹಣದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕ್ಷಯವನ್ನು ಜಾಗತಿಕ ತುರ್ತುಸ್ಥಿತಿ ಎಂದು ಘೋಷಿಸಿತು. 2000ದ ಮಾರ್ಚಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೋಗದ ಹೊರೆ ಹೆಚ್ಚಿದ್ದ 20 ದೇಶಗಳ ಮಂತ್ರಿಗಳ ಸಮಾವೇಶ ನಡೆಯಿತು. ಇಂದಿನ ಸ್ಟಾಪ್ ಟಿಬಿ ಪಾರ್ಟ್‌ನರ್‌ಶಿಪ್ ಎಂಬ ಜಾಗತಿಕ ಕೂಟ ಬೆಳೆದದ್ದು ಆ ವರ್ಷಗಳಲ್ಲೇ. ಆ ಸಮಾವೇಶದಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಎಂದರೆ, ಆರೋಗ್ಯ ಮಂತ್ರಿಗಳ ಜೊತೆಗೆ ಹಣಕಾಸು ಮತ್ತು ಯೋಜನಾ ಖಾತೆಯವರನ್ನೂ ಕೂರಿಸಿದ್ದರು. ನೀವೂ ಹಾಗೆ ಮಾಡಿ. ಹಣಕಾಸು ಇಲಾಖೆಯಿಂದ ಒಬ್ಬ ಕಿರಿಯ ಅಧಿಕಾರಿ ಬಂದರೂ ಸರಿ, ಮೊದಲ ದಿನದಿಂದ ಬರಲಿ. ಬಜೆಟ್ ಸಿದ್ಧವಾಗುವಾಗ ಆ ಹೆಣ್ಣುಮಗಳ ಹಾಳೆಯನ್ನು ನೋಡಿದವರೊಬ್ಬರು ಆ ಕೋಣೆಯಲ್ಲಿ ಇರಬೇಕು. ವಿದೇಶಿ ನೆರವು ಇಂದು ಇರುತ್ತದೆ, ನಾಳೆ ನಿಲ್ಲುತ್ತದೆ. ರೋಗಿಯ ಮಾತ್ರೆ ಮಾತ್ರ ಒಂದು ದಿನವೂ ನಿಲ್ಲುವಂತಿಲ್ಲ.

ಆರೋಗ್ಯ ಇಲಾಖೆಯ ಹೊರಗಿನವರನ್ನು ಕರೆಯುವುದಕ್ಕೆ ಇನ್ನೂ ಗಟ್ಟಿ ಕಾರಣ ಇದೆ. ಅಪೌಷ್ಟಿಕತೆ, ಎಚ್‌ಐವಿ, ಮಧುಮೇಹ, ಕುಡಿತ, ಧೂಮಪಾನ: ಕ್ಷಯಕ್ಕೆ ದಾರಿ ಮಾಡಿಕೊಡುವ ಮುಖ್ಯ ಐದು ಇವೇ. ಜಾರ್ಖಂಡ್‌ನಲ್ಲಿ ನಡೆದ ರೇಷನ್ಸ್ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ಆಹಾರದ ನೆರವು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 40ರಷ್ಟು ತಗ್ಗಿತು. ಆಹಾರ ಇಲಾಖೆಯವರಿಗೆ ಈ ಒಂದು ಸಂಖ್ಯೆ ಹೇಳಿ, ತಮ್ಮನ್ನೇಕೆ ಕರೆದಿರಿ ಎಂದು ಅವರು ಮತ್ತೆ ಕೇಳುವುದಿಲ್ಲ. ಹಾಗೆಯೇ ಗಣಿಗಳು ಮತ್ತು ಜೈಲುಗಳು. ಕಲ್ಲುಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಹಿಡಿಯುತ್ತದೆ, ಗಾಳಿಯಾಡದ ಕೋಣೆಯಲ್ಲಿ ಬೇಗ ಹರಡುತ್ತದೆ.

ಪರೀಕ್ಷಾ ಯಂತ್ರ, ಔಷಧ ಮಾರುವ ಕಂಪನಿಗಳೂ ಬರುತ್ತವೆ. ಬರಲಿ, ಅವರ ಜ್ಞಾನ ಬೇಕು. ಆದರೆ ಯಾವುದನ್ನು ಕೊಳ್ಳಬೇಕೆಂಬ ಚರ್ಚೆ ಶುರುವಾದಾಗ ಅವರು ಕೋಣೆಯಿಂದ ಹೊರಗಿರಬೇಕು. ಇದನ್ನು ಮೊದಲೇ ಬರೆದಿಡಿ, ಆಮೇಲೆ ಹೇಳಿದರೆ ಮನಸ್ತಾಪ.

ಕಾಯಿಲೆ ಅನುಭವಿಸಿದವರನ್ನು ಕರೆಯುವ ರೀತಿಯ ಬಗ್ಗೆ ನನಗೆ ನೋವಿದೆ. ಊಟದ ನಂತರ ಐದು ನಿಮಿಷ ಕೊಟ್ಟು, ನಿಮ್ಮ ಕಥೆ ಹೇಳಿ ಎಂದು ಅಳಿಸಿ, ಚಪ್ಪಾಳೆ ತಟ್ಟಿ ಕಳಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ನನ್ನನ್ನೂ ಹಾಗೆ ಕಳಿಸಿದ್ದಾರೆ. ಅವರಿಗೆ ಆಡಳಿತ ಮಂಡಳಿಯಲ್ಲಿ ಮತ ಇರಲಿ, ಒಬ್ಬರಿಗಲ್ಲ, ಕನಿಷ್ಠ ಇಬ್ಬರಿಗೆ, ಏಕೆಂದರೆ ಒಬ್ಬರೇ ಇದ್ದರೆ ಅಷ್ಟು ಜನ ಡಾಕ್ಟರುಗಳ ನಡುವೆ ಬಾಯಿ ಬರುವುದಿಲ್ಲ. ಸಭೆಗೆ ಬಂದ ದಿನದ ಕೂಲಿ ಮತ್ತು ಪ್ರಯಾಣದ ಖರ್ಚನ್ನು ಅಂದೇ ಕೈಗೆ ಕೊಡಿ. ಸಭೆಯ ಕಾಗದಗಳು ಅವರು ಓದುವ ಭಾಷೆಯಲ್ಲಿ ಒಂದು ವಾರ ಮುಂಚೆ ತಲುಪಲಿ. ನಮ್ಮಲ್ಲಿ ಚಿಕಿತ್ಸಾ ಕೇಂದ್ರದ ಸಮಯ ಬೆಳಿಗ್ಗೆ ಏಳಕ್ಕೆ ಬದಲಾದದ್ದು ಇಂಥ ಇಬ್ಬರು ಸದಸ್ಯರು ಪಟ್ಟು ಹಿಡಿದದ್ದರಿಂದ. ಹತ್ತು ಗಂಟೆಗೆ ಬಾಗಿಲು ತೆರೆದರೆ ಕೂಲಿಯವನು ಮಾತ್ರೆಗೆ ಬರುವುದು ಹೇಗೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಎಷ್ಟು ಕಾಲ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮಗೆ ಮೊದಲ ಒಡಂಬಡಿಕೆಗೇ ಒಂದೂವರೆ ವರ್ಷ ಹಿಡಿಯಿತು. ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಔಷಧ ಅಂಗಡಿಯ ಚೀಟಿಯಂಥ ಒಂದು ಸಣ್ಣ ಕೆಲಸವನ್ನು ಒಂದೇ ಜಿಲ್ಲೆಯಲ್ಲಿ ಶುರು ಮಾಡಿ. ಎಷ್ಟು ಚೀಟಿ ಹೋಯಿತು, ಎಷ್ಟು ಜನ ಪರೀಕ್ಷೆಗೆ ಬಂದರು, ಎಷ್ಟು ಜನರಿಗೆ ಕ್ಷಯ ಪತ್ತೆಯಾಯಿತು ಎಂಬ ಮೂರೇ ಅಂಕಿಯನ್ನು ಪ್ರತಿ ತಿಂಗಳು ಎಲ್ಲ ಪಾಲುದಾರರಿಗೂ ಕಳಿಸಿ. ಚೀಟಿ ಕೊಟ್ಟ ಅಂಗಡಿಯವರಿಗೂ ತಪ್ಪದೆ ಕಳಿಸಿ. ನಮ್ಮ ಅಂಗಡಿಯವರಲ್ಲಿ ಒಬ್ಬರು ಆ ತಿಂಗಳ ಪತ್ರವನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿಕೊಂಡಿದ್ದರು.