ಸೈಕಲ್ ಇಳಿದ ಮೇಲೆ ಕಾಲು ಏಕೆ ಮಾತು ಕೇಳುವುದಿಲ್ಲ?

ಪ್ರಶ್ನೆ: ಗೋವಾದ ಟ್ರಯಥ್ಲಾನ್‌ಗೆ (1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ) ಆರು ವಾರ ಉಳಿದಿದೆ. ಸೈಕಲ್ ಇಳಿದು ಓಡಿದರೆ ಕಾಲು ಮರಗಟ್ಟುತ್ತದೆ. ಏನು ಮಾಡಲಿ?
– ಓದುಗರು, ವಿರಾಜಪೇಟೆ

ಉತ್ತರ: ನನಗೂ ಮೊದಲ ವರ್ಷ ಹೀಗೆಯೇ ಆಗಿತ್ತು. ಕುಶಾಲನಗರದಿಂದ ಮಡಿಕೇರಿಯ ಏರನ್ನು ಭಾರದ ಗೇರಿನಲ್ಲಿ ತುಳಿದು ಬಂದು, ಸೈಕಲ್ ಒರಗಿಸಿ ಓಡಹೊರಟರೆ ತೊಡೆಗಳು ನನ್ನವಲ್ಲ ಅನ್ನಿಸುತ್ತಿತ್ತು. ಈಗ ಕೊನೆಯ 10 ನಿಮಿಷ ಹಗುರ ಗೇರಿಗೆ ಬಂದು, ನಿಮಿಷಕ್ಕೆ 90 ಸುತ್ತಿನಷ್ಟು ಪೆಡಲ್ ತಿರುಗಿಸುತ್ತೇನೆ. ಓಟದ ಬೂಟು ತೋಟದ ಗೇಟಿನ ಬಳಿ, ಲೇಸ್ ಸಡಿಲಿಸಿದಂತೆಯೇ ಕಾಯುತ್ತಿರುತ್ತದೆ. ಕೂರದೆ 20 ನಿಮಿಷ ಓಟ. ಮೊದಲ ಕಿಲೋಮೀಟರ್ ಪುಟ್ಟ ಹೆಜ್ಜೆಗಳಲ್ಲಿ. ವಾರಕ್ಕೊಮ್ಮೆ ಸಾಕು. ಕಳೆದ ಭಾನುವಾರ ಗೇಟಿನಿಂದಲೇ ಕಾಲು ಮಾತು ಕೇಳಿತು. ಆದ ಸಂತೋಷ ಹೇಳತೀರದು!

ನಿಮ್ಮ ಪತ್ರದಲ್ಲಿ ಸೆಖೆಯ ಮಾತೇ ಇಲ್ಲ, ನನಗೆ ಅದೇ ದೊಡ್ಡ ಚಿಂತೆ. ಕೊಡಗಿನ ತಂಪಿಗೆ ಒಗ್ಗಿದ ಮೈ ಕಡಲತೀರದಲ್ಲಿ ಬೇಗ ಸೋಲುತ್ತದೆ. ಕೊನೆಯ ಎರಡು ವಾರ ಬಿಸಿಲೇರಿದ ಮೇಲೆ ನಿಧಾನವಾಗಿ ಓಡಿ. ಬಾಟಲಿಯ ನೀರಿಗೆ ಚಿಟಿಕೆ ಉಪ್ಪು ಬೆರೆಸಿಕೊಳ್ಳಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ತಿಂಗಳು ಹೇಗಾಯಿತೆಂದು ಖಂಡಿತ ಬರೆಯಿರಿ.