ಸರ್ಟಿಫಿಕೇಟ್ ಜಾಸ್ತಿಯಾಯಿತು, ಬಡ್ತಿ ಸಿಗಲಿಲ್ಲ

ಪ್ರಶ್ನೆ: ಐದು ವರ್ಷದಿಂದ ವಿಕಲಚೇತನರ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಸ್ನಾನ, ಊಟ, ಓಡಾಟ ಎಲ್ಲದಕ್ಕೂ ನೆರವಾಗುತ್ತೇನೆ. ಆನ್‌ಲೈನ್‌ನಲ್ಲಿ ಸಿಕ್ಕ ಕೋರ್ಸ್‌ಗಳನ್ನೆಲ್ಲ ಮುಗಿಸಿದ್ದೇನೆ. ಆದರೂ ಸೇರಿದ ದಿನ ಇದ್ದ ಹುದ್ದೆಯಲ್ಲೇ ಇದ್ದೇನೆ. ಇನ್ನೂ ಯಾವ ತರಬೇತಿ ಪಡೆಯಬೇಕು? ಇಲ್ಲಾ, ಬೇರೆ ಕೆಲಸ ನೋಡಿಕೊಳ್ಳಲಾ?

ಉತ್ತರ: ಕೆಲಸ ಬಿಡುವ ಯೋಚನೆ ಈಗಲೇ ಬೇಡ. ಮುಂದೆ ಬರುವ ದಾರಿ ಖಂಡಿತ ಇದೆ. ಆದರೆ ಇನ್ನೊಂದು ಆನ್‌ಲೈನ್ ಕೋರ್ಸ್ ಸೇರುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಕೆಲಸದ ಬಹುಪಾಲು ಕೈಯಿಂದ ಆಗುವಂಥದ್ದು. ಒಬ್ಬರನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ ಕೂರಿಸುವುದನ್ನು ವಿಡಿಯೊ ನೋಡಿ ಕಲಿಯೋಕಾಗಲ್ಲ. ಫಿಸಿಯೊಥೆರಪಿಸ್ಟ್ ಪಕ್ಕದಲ್ಲೇ ನಿಂತು ನೋಡಬೇಕು. ಬ್ರೇಕ್ ಹಾಕಿದ್ದೀರಾ, ಕಾಲಿಡುವ ಹಲಗೆ ಮಡಚಿದ್ದೀರಾ, ಅವರ ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೀರಾ ಎಂದು ಆಗಲೇ ತಿದ್ದಬೇಕು. ಕಂಕುಳಲ್ಲಿ ಹಿಡಿದು ಎತ್ತಿದರೆ ಅವರ ಭುಜಕ್ಕೆ ಪೆಟ್ಟು, ನಿಮ್ಮ ಸೊಂಟಕ್ಕೂ ಪೆಟ್ಟು.

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿತವರು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ವಿಷಯದಲ್ಲಿ ನೆಚ್ಚಿಕೊಳ್ಳಬಹುದಾದವರು ಕಡಿಮೆ. ಹಾಗಾಗಿ ಒಂದನ್ನು ಆರಿಸಿಕೊಂಡು ಆಳಕ್ಕೆ ಇಳಿಯಿರಿ. ಉದಾಹರಣೆಗೆ ನುಂಗುವ ತೊಂದರೆಯನ್ನೇ ತೆಗೆದುಕೊಳ್ಳಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪುವ ಸ್ಥಿತಿ) ಇರುವ ಅನೇಕರಿಗೆ ತೆಳುವಾದ ನೀರೇ ಅಪಾಯ, ಶ್ವಾಸನಾಳಕ್ಕೆ ಇಳಿಯುತ್ತದೆ. ಕುಡಿಯುವ, ತಿನ್ನುವ ಪದಾರ್ಥ ಎಷ್ಟು ಗಟ್ಟಿ ಇರಬೇಕು ಎಂದು ಹೇಳಲು ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆ ಇದೆ. 0ಯಿಂದ 7ರವರೆಗೆ ಎಂಟು ಹಂತ. ಪರೀಕ್ಷೆ ಸುಲಭ. ಈ ಅಳತೆಗೆ ಹೊಂದುವ ಸಿರಿಂಜ್‌ಗೆ 10 ಮಿ.ಲೀ. ದ್ರವ ತುಂಬಿ, 10 ಸೆಕೆಂಡ್ ಹರಿಯಲು ಬಿಡುತ್ತಾರೆ. 1ರಿಂದ 4 ಮಿ.ಲೀ. ಉಳಿದರೆ 1ನೇ ಹಂತ, 4ರಿಂದ 8 ಉಳಿದರೆ 2ನೇ ಹಂತ. ಯಾರಿಗೆ ಯಾವ ಹಂತ ಎಂದು ತೀರ್ಮಾನಿಸುವುದು ಸ್ಪೀಚ್ ಥೆರಪಿಸ್ಟ್. ಆದರೆ ಪ್ರತಿ ಹೊತ್ತೂ ಅದೇ ಹದದಲ್ಲಿ ಕಲಸಿ ಕೊಡುವುದು ನೀವು. ಊಟದ ನಡುವೆ ಕೆಮ್ಮು ಬಂತಾ, ಧ್ವನಿ ಒದ್ದೆಯಾದ ಹಾಗೆ ಕೇಳಿಸಿತಾ ಎಂದು ಮೊದಲು ಗಮನಿಸುವವರೂ ನೀವೇ ಅಲ್ವಾ? ಈ ಕೆಲಸ ಚೆನ್ನಾಗಿ ಬಲ್ಲವರನ್ನು ಸಂಸ್ಥೆಗಳು ಹೊಸಬರಿಗೆ ಕಲಿಸಲು ಕರೆಯುತ್ತವೆ. ಬಡ್ತಿ ಶುರುವಾಗುವುದು ಎಷ್ಟೋ ಸಲ ಅಲ್ಲಿಂದ.

ನುಂಗುವ ತೊಂದರೆ ಬೇಡವೆಂದರೆ ಮಾತು ಬಾರದವರೊಂದಿಗೆ ಚಿತ್ರಫಲಕ, ಟ್ಯಾಬ್ ಬಳಸಿ ಸಂವಹನ ನಡೆಸುವುದನ್ನು ಕಲಿಯಬಹುದು. ವೀಲ್‌ಚೇರ್ ಹೊಂದಿಸುವುದೂ ಒಳ್ಳೆಯ ಆಯ್ಕೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿ ಪಠ್ಯವೇ ಇದೆ.

ಇನ್ನು ದಿನಚರಿ ಬರೆಯುವುದು. ಇದನ್ನು ಯಾರೂ ದೊಡ್ಡ ಕೌಶಲ ಅಂದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಸಹಾಯಕರನ್ನು ಅಳೆಯುವುದು ಇದರಿಂದಲೇ. ‘ಇವತ್ತು ತುಂಬಾ ಗಲಾಟೆ ಮಾಡಿದರು’ ಎಂದು ಬರೆದರೆ ಮುಂದಿನ ಶಿಫ್ಟ್‌ನವರಿಗೆ ಏನೂ ತಿಳಿಯುವುದಿಲ್ಲ, ಆ ವ್ಯಕ್ತಿಗೆ ಕೆಟ್ಟ ಹೆಸರು ಮಾತ್ರ ಉಳಿಯುತ್ತದೆ. ‘ಮಧ್ಯಾಹ್ನ 3ಕ್ಕೆ ಹೇಳದೆ ಟಿವಿ ಆಫ್ ಮಾಡಿದೆವು. ಅವರು ಕಿರುಚಿ, ಕೈ ಕಚ್ಚಿಕೊಂಡರು. ಮತ್ತೆ ಹಾಕಿ, ಐದು ನಿಮಿಷದಲ್ಲಿ ಆಫ್ ಮಾಡುತ್ತೇವೆ ಎಂದಾಗ ಸುಮ್ಮನಾದರು’ ಎಂದು ಬರೆದು ನೋಡಿ. ಮೊದಲು ಏನಾಯಿತು, ಅವರು ಏನು ಮಾಡಿದರು, ಆಮೇಲೆ ಏನಾಯಿತು, ಮೂರೂ ಬಂತು. ಮನಶ್ಶಾಸ್ತ್ರಜ್ಞರು ನೆರವಿನ ಯೋಜನೆ ಮಾಡುವುದು ಇಂಥ ಬರಹ ಇಟ್ಟುಕೊಂಡೇ. ಸೂಪರ್‌ವೈಸರ್ ಹುದ್ದೆಗೆ ಸಂದರ್ಶನ ಬಂದರೆ, ಹೆಸರು ಮತ್ತು ಗುರುತು ತೆಗೆದು, ಅನುಮತಿ ಪಡೆದು, ಇಂಥ ಒಂದೆರಡು ಟಿಪ್ಪಣಿ ತೋರಿಸಿ. ಸರ್ಟಿಫಿಕೇಟ್ ಕಂತೆಗಿಂತ ಅದಕ್ಕೆ ಬೆಲೆ ಜಾಸ್ತಿ.

ಕೋರ್ಸ್ ಆರಿಸುವಾಗ ಒಂದು ಪ್ರಶ್ನೆ ತಪ್ಪದೇ ಕೇಳಿ: ಪಾಠ ಮಾಡುವವರಲ್ಲಿ ವಿಕಲಚೇತನರು ಇದ್ದಾರಾ? ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಎಂಬುದು ಅವರ ಚಳವಳಿಯ ಹಳೆಯ ಘೋಷಣೆ. ಕೇಳದೆ ವೀಲ್‌ಚೇರ್ ತಳ್ಳಿದರೆ ಹೇಗನಿಸುತ್ತದೆ, ಬೇರೆಯವರು ಅವಸರದಲ್ಲಿ ತುತ್ತಿಟ್ಟರೆ ಹೇಗಿರುತ್ತದೆ ಎಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಸೂಪರ್‌ವೈಸರ್ ಆಗುವುದೇ ಬೆಳವಣಿಗೆ ಅಂತಲೂ ಅಂದುಕೊಳ್ಳಬೇಡಿ. ಆ ಹುದ್ದೆಯಲ್ಲಿ ಡ್ಯೂಟಿ ಪಟ್ಟಿ, ದೂರು, ಮೀಟಿಂಗ್‌ಗಳೇ ಜಾಸ್ತಿ. ಜನರ ಜೊತೆಗಿನ ಒಡನಾಟ ನಿಮಗೆ ಇಷ್ಟವಾದರೆ ತರಬೇತುದಾರರಾಗಿ, ಥೆರಪಿ ಸಹಾಯಕಿಯಾಗಿ ಅಥವಾ ಮುಂದೆ ಓದಿ ವಿಶೇಷ ಶಿಕ್ಷಕಿಯಾಗಿ. ಕೆಲವು ದೇಶಗಳಲ್ಲಿ ಕೆಲಸದ ಅನುಭವವನ್ನೇ ಓದಿನ ಭಾಗವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಶುಲ್ಕ ಕಟ್ಟುವ ಮೊದಲು ಇದನ್ನು ವಿಚಾರಿಸಿ.

ಪ್ರಶ್ನೆ: ನಮ್ಮ ಸಂಸ್ಥೆ ತರಬೇತಿಗೆ ರಜೆ ಕೊಡುವುದಿಲ್ಲ. ಆದರೆ ಟ್ಯೂಬ್ ಮೂಲಕ ಆಹಾರ ಕೊಡಲು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ತರಬೇತಿ ಇಲ್ಲದೆ ಅದನ್ನು ಮಾಡಬೇಡಿ. ಟ್ಯೂಬ್ ಜಾಗ ತಪ್ಪಿದ್ದರೆ ಆಹಾರ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಬಾಯಿಮಾತಿನಲ್ಲಿ ಹೇಳಿ ಸುಮ್ನೆ ಬಿಡಬೇಡಿ, ಬರೆದು ಕೊಡಿ: ‘ಈ ಕೆಲಸಕ್ಕೆ ನರ್ಸ್ ನನಗೆ ಕಲಿಸಿ, ನಾನು ಮಾಡುವುದನ್ನು ನೋಡಿ ಒಪ್ಪಿಗೆ ಕೊಡಬೇಕು. ಅಲ್ಲಿಯವರೆಗೆ ಬಲ್ಲವರೇ ಮಾಡಲಿ.’ ಆ ಪತ್ರದ ಒಂದು ನಕಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. 2006ರ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿಯು ಅವರೊಂದಿಗೆ ಕೆಲಸ ಮಾಡುವ ಸಿಬ್ಬಂದಿಯ ತರಬೇತಿಗೆ ಉತ್ತೇಜನ ಕೊಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಪತ್ರದಲ್ಲಿ ಅದನ್ನೂ ಸೇರಿಸಿ. ರಜೆ ಸಿಗದಿದ್ದರೆ, ನರ್ಸ್ ಬರುವ ಹೊತ್ತಿಗೇ ನಿಮ್ಮ ಶಿಫ್ಟ್ ಹಾಕಿಸಿಕೊಂಡು ಡ್ಯೂಟಿಯಲ್ಲೇ ಕಲಿಯಲು ಬಿಡಿ ಎಂದು ಕೇಳಿ. ಇದಕ್ಕೆ ಒಪ್ಪುವುದು ಅವರಿಗೂ ಸುಲಭ.